ಎದೆ ತೆರೆಯದೆ ಹೃದಯದ ತೂತು ಮುಚ್ಚುವ ಚಿಕಿತ್ಸೆ: ಕಲಬುರಗಿ, ಬೀದರ್, ಯಾದಗಿರಿ ಭಾಗದ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಹೃದ್ರೋಗಿಗಳ ಶುಶ್ರೂಷೆ ಮಾಡುತ್ತ ಬಂದಿರುವ ನನಗೆ, ಎಕೋ (ಹೃದಯದ ಸ್ಕ್ಯಾನ್) ಕೋಣೆಯಿಂದ ಹೊರಬರುವ ತಾಯಂದಿರ ಮುಖ ನೋಡಿದರೆ ಒಳಗೆ ಏನು ಹೇಳಿರಬಹುದು ಎಂಬುದು ತಿಳಿಯುತ್ತದೆ. ಅವರು ವೈದ್ಯರೆದುರು ಕೇಳಲು ಹಿಂಜರಿದು, ಆಮೇಲೆ ಓಣಿಯಲ್ಲಿ ನಿಲ್ಲಿಸಿ ನಮ್ಮನ್ನು ಕೇಳುವ ಪ್ರಶ್ನೆಗಳೇ ಇಲ್ಲಿವೆ. ಇಲ್ಲಿನ ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಗುವಿನ ವಿಷಯದಲ್ಲಿ ಅದರ ಎಕೋ ವರದಿ ನೋಡಿದ ತಜ್ಞರ ಮಾತೇ ಕೊನೆಯದು.

ಹೃದಯದಲ್ಲಿ ತೂತು ಎಂದರೆ ನಿಜವಾಗಿ ಏನು?

ಹೃದಯವನ್ನು ನಾಲ್ಕು ಖೋಲಿಗಳ ಮನೆ ಎಂದುಕೊಳ್ಳಿ. ಮೇಲೆ ಎರಡು, ಕೆಳಗೆ ಎರಡು. ಬಲಗಡೆಯ ಖೋಲಿಗಳಿಗೆ ಮೈಯೆಲ್ಲ ಸುತ್ತಿ ಬಂದ, ಆಮ್ಲಜನಕ ಕಡಿಮೆಯಾದ ರಕ್ತ ಬರುತ್ತದೆ. ಎಡಗಡೆಯ ಖೋಲಿಗಳಿಗೆ ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಬರುತ್ತದೆ. ಎರಡೂ ಬೆರೆಯದಂತೆ ನಡುವೆ ಗೋಡೆಯಿದೆ. ಮೇಲಿನ ಖೋಲಿಗಳ ನಡುವಿನ ತೆಳು ಗೋಡೆಯಲ್ಲಿ ರಂಧ್ರ ಉಳಿದರೆ ಅದನ್ನು ಎಎಸ್‌ಡಿ ಎನ್ನುತ್ತಾರೆ, ಕೆಳಗಿನ ದಪ್ಪ ಗೋಡೆಯಲ್ಲಿ ಉಳಿದರೆ ವಿಎಸ್‌ಡಿ ಎನ್ನುತ್ತಾರೆ. ಮೂರನೆಯದು ಪಿಡಿಎ. ಇದು ಗೋಡೆಯ ತೂತಲ್ಲ. ಮೈಗೆ ರಕ್ತ ಒಯ್ಯುವ ಮಹಾಪಧಮನಿಗೂ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಕ್ಕೂ ನಡುವೆ ಗರ್ಭದಲ್ಲಿ ಎಲ್ಲ ಮಕ್ಕಳಿಗೂ ಇರುವ ಒಂದು ಸಣ್ಣ ಸಂಪರ್ಕ ನಾಳ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಅದೇ ಕಾಯಿಲೆಯಾಗುತ್ತದೆ.

ಎಡಭಾಗದಲ್ಲಿ ಒತ್ತಡ ಹೆಚ್ಚಿರುವುದರಿಂದ ರಕ್ತ ರಂಧ್ರದ ಮೂಲಕ ಬಲಕ್ಕೆ ನುಗ್ಗಿ, ಈಗಷ್ಟೇ ಶ್ವಾಸಕೋಶದಿಂದ ಬಂದದ್ದು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಒಂದೇ ಕೊಡ ನೀರನ್ನು ಬಾವಿಯಿಂದ ಸೇದಿ ಮತ್ತೆ ಬಾವಿಗೇ ಸುರಿದಂತೆ, ಹೃದಯಕ್ಕೆ ದುಡಿಮೆ ಇಮ್ಮಡಿಯಾಗುತ್ತದೆ, ಮೈಗೆ ಮಾತ್ರ ಅದರ ಲಾಭವಿಲ್ಲ. ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಯಾವುದಾದರೂ ಒಂದು ಜನ್ಮಜಾತ ಹೃದಯದೋಷ ಇರುತ್ತದೆ. ಅವುಗಳಲ್ಲಿ ಈ ಮೂರು ಬಗೆಗಳೇ ದೊಡ್ಡ ಪಾಲು.

ಇದು ಯಾಕೆ ಬಂತು? ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದದ್ದರಿಂದಲೇ?

ಅಲ್ಲ. ಗ್ರಹಣಕ್ಕೂ ಹೃದಯದ ರಂಧ್ರಕ್ಕೂ ಯಾವ ಸಂಬಂಧವೂ ಇಲ್ಲ, ಮತ್ತು ಈ ಮಾತಿನಿಂದ ಎಷ್ಟೋ ಸೊಸೆಯಂದಿರು ವರ್ಷಗಟ್ಟಲೆ ಅತ್ತಿದ್ದನ್ನು ಕಂಡಿರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕೆನಿಸುತ್ತದೆ. ಬಸುರಿನ ಮೊದಲ ಎಂಟು ವಾರಗಳಲ್ಲಿ, ಅನೇಕ ವೇಳೆ ತಾಯಿಗೆ ತಾನು ಬಸುರಿ ಎಂಬುದು ಖಚಿತವಾಗುವ ಹೊತ್ತಿಗೇ, ಹೃದಯದ ಗೋಡೆಗಳು ಕಟ್ಟಿ ಮುಗಿಯುತ್ತವೆ. ಬಹುಪಾಲು ಮಕ್ಕಳಲ್ಲಿ ಗೋಡೆ ಯಾಕೆ ಪೂರ್ತಿಯಾಗಲಿಲ್ಲ ಎಂಬುದಕ್ಕೆ ಒಂದೇ ಕಾರಣ ತೋರಿಸಲಾಗುವುದಿಲ್ಲ.

ಆದರೆ ಕೆಲವು ಕಾರಣಗಳು ಗೊತ್ತಿವೆ. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಮಗುವಿಗೆ ಪಿಡಿಎ ಉಳಿಯಬಹುದು. ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ 2017ರಲ್ಲಿ ನಡೆದು, ಆಮೇಲೆ ಅದು ಮಕ್ಕಳ ನಿತ್ಯದ ಲಸಿಕೆಗಳಲ್ಲಿ ಸೇರಿದ್ದರ ಹಿಂದೆ ಇದೂ ಒಂದು ಕಾರಣ. ತಾಯಿಗೆ ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇರುವುದು, ಡೌನ್ ಸಿಂಡ್ರೋಮ್‌ನಂಥ ವರ್ಣತಂತುಗಳ ವ್ಯತ್ಯಾಸ ಇವೂ ಕಾರಣಗಳೇ. ಇನ್ನೊಂದು ಮಾತನ್ನು ನಮ್ಮ ಭಾಗದಲ್ಲಿ ಹೇಳಲೇಬೇಕು: ಅಕ್ಕನ ಮಗಳನ್ನು, ಸೋದರತ್ತೆಯ ಅಥವಾ ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳಿಗೆ ಹೃದಯದೋಷದ ಸಾಧ್ಯತೆ ಹೆಚ್ಚು. ಆಗಿಹೋದ ಮದುವೆಯ ಬಗ್ಗೆ ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ; ಮೊದಲ ಮಗುವಿಗೆ ತೂತು ಇದ್ದರೆ ಎರಡನೆಯ ಬಸುರಿನಲ್ಲಿ 18ರಿಂದ 22 ವಾರಗಳ ನಡುವೆ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

"ಕೂಸು ಛಲೋ ಆಡ್ತದ, ಓಡ್ತದ. ಮತ್ತ ಯಾಕ್ರಿ ಇದಕ್ಕ ತಂತಿ ಹಾಕಬೇಕು?"

ನಾವು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ಮತ್ತು ಇದಕ್ಕೆ ಸರಿಯಾದ ಉತ್ತರ ಸಿಗದೆ ಹೋದದ್ದರಿಂದ ಆದ ನಷ್ಟವೇ ನಾನು ಕಂಡದ್ದರಲ್ಲಿ ದೊಡ್ಡದು.

ದೊಡ್ಡ ವಿಎಸ್‌ಡಿ ಅಥವಾ ದೊಡ್ಡ ಪಿಡಿಎ ಇದ್ದ ಕೂಸು ತನ್ನ ಕಷ್ಟವನ್ನು ಬೇಗ ತೋರಿಸುತ್ತದೆ. ಮೊಲೆ ಕುಡಿಯುವಾಗ ಎರಡು ಗುಟುಕಿಗೊಮ್ಮೆ ಬಿಟ್ಟು ಉಸಿರು ಎಳೆದುಕೊಳ್ಳುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ, ಮೇಲಿಂದ ಮೇಲೆ ಕಫ ಕಟ್ಟಿ ಪಕ್ಕೆ ಸೆಳೆಯುತ್ತದೆ. (ಪಕ್ಕೆ ಸೆಳೆತಕ್ಕೆ ಬರೆ ಹಾಕಿಸಿಕೊಂಡು ಬಂದ ಎಳೆಗೂಸುಗಳನ್ನು ಈಗಲೂ ಕಾಣುತ್ತೇವೆ. ದಯವಿಟ್ಟು ಹಾಕಿಸಬೇಡಿ, ಆ ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಹೋದರೆ ಹೃದಯದ ಕಾಯಿಲೆಯಿರುವ ಕೂಸಿಗೆ ಅದು ಪ್ರಾಣಾಂತಿಕ.) ಎಎಸ್‌ಡಿ ಹಾಗಲ್ಲ. ಅದು ಸದ್ದಿಲ್ಲದ ರಂಧ್ರ. ಮಗು ಶಾಲೆಗೆ ಹೋಗುತ್ತದೆ, ಕುಂಟೆಬಿಲ್ಲೆ ಆಡುತ್ತದೆ, ಎಲ್ಲರಂತೆಯೇ ಕಾಣುತ್ತದೆ. ಒಳಗೆ ಮಾತ್ರ ಹೃದಯದ ಬಲಭಾಗ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಗುತ್ತದೆ. ಮೂವತ್ತು ನಲವತ್ತರ ವಯಸ್ಸಿಗೆ ಬಂದಾಗ ಎದೆಬಡಿತ ಲಯ ತಪ್ಪುವುದು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ಕಾಲು ಊದುವುದು ಶುರುವಾಗುತ್ತದೆ. ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ ಅಲ್ಲಿನ ಒತ್ತಡ ಏರಿ, ಕೊನೆಗೆ ರಕ್ತದ ಹರಿವೇ ತಿರುವುಮುರುವಾಗಿ ತುಟಿ ಉಗುರು ನೀಲಿಗಟ್ಟುತ್ತವೆ. ಐಸೆನ್‌ಮೆಂಗರ್ ಎಂದು ಕರೆಯುವ ಈ ಹಂತ ದೊಡ್ಡ ವಿಎಸ್‌ಡಿ, ಪಿಡಿಎಗಳಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ಬರಬಹುದು. ಒಮ್ಮೆ ಅಲ್ಲಿಗೆ ಮುಟ್ಟಿದರೆ ರಂಧ್ರ ಮುಚ್ಚುವುದೇ ಅಪಾಯಕಾರಿ, ಮುಚ್ಚಲು ಬರುವುದಿಲ್ಲ. ಮಗು ಆರಾಮವಾಗಿ ಓಡಾಡುತ್ತಿರುವ ಕಾಲವೇ ಮುಚ್ಚುವುದಕ್ಕೆ ಒಳ್ಳೆಯ ಕಾಲ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ಎದೆ ಕೊಯ್ಯದೆ ಹೃದಯದೊಳಗೆ ಹೇಗೆ ಹೋಗುತ್ತಾರೆ?

ತೊಡೆಸಂದಿಯಲ್ಲಿರುವ ದಪ್ಪ ರಕ್ತನಾಳವು ಸೀದಾ ಹೃದಯದ ಬಲಗಡೆಯ ಮೇಲಿನ ಖೋಲಿಗೆ ಸೇರುವ ದಾರಿ. ಸೂಜಿಯಿಂದ ಆ ನಾಳವನ್ನು ಚುಚ್ಚಿ, ಅದರೊಳಗೆ ಸಣ್ಣ ತಂತಿ, ತಂತಿಯ ಮೇಲೆ ಮೆತ್ತನೆಯ ಕೊಳವೆ ಅಂದರೆ ಕ್ಯಾತಿಟರ್ ತೂರಿಸಿ, ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ ರಂಧ್ರದ ಆಚೆ ಬದಿಗೆ ದಾಟಿಸುತ್ತಾರೆ. ಜೊತೆಗೆ ಎದೆಯ ಮೇಲಿಂದ ಅಥವಾ ಅನ್ನನಾಳದೊಳಗೆ ಇಳಿಸಿದ ಸಣ್ಣ ಎಕೋ ಕೊಳವೆಯಿಂದ ರಂಧ್ರದ ಅಂಚುಗಳನ್ನು ನೋಡುತ್ತಿರುತ್ತಾರೆ.

ಮುಚ್ಚುವ ಸಾಧನವನ್ನು ನಮ್ಮ ಜನ ಛತ್ರಿ ಎನ್ನುತ್ತಾರೆ, ಬಟನ್ ಎಂದೂ ಎನ್ನುತ್ತಾರೆ. ಎಎಸ್‌ಡಿಯ ಮಟ್ಟಿಗೆ ಎರಡೂ ಒಪ್ಪುವ ಹೆಸರುಗಳು. ತಾಯಂದಿರಿಗೆ ತೋರಿಸಲು ನಾವು ಒಂದು ಮಾದರಿಯನ್ನು ಇಟ್ಟುಕೊಂಡಿರುತ್ತೇವೆ. ಅಂಗೈ ಮೇಲಿಟ್ಟರೆ ಅದು ಸಣ್ಣ ತಂತಿಯಿಂದ ಹೆಣೆದ ಎರಡು ಬಿಲ್ಲೆಗಳಂತೆ ಕಾಣುತ್ತದೆ, ನಡುವೆ ಗಿಡ್ಡನೆಯ ಸೊಂಟ. ಎರಡೂ ತುದಿ ಹಿಡಿದು ಎಳೆದರೆ ಬಿಲ್ಲೆಗಳು ಮಾಯವಾಗಿ ಅದು ಸಣ್ಣ ಹುರಿಯಂತಾಗುತ್ತದೆ. ಕೈ ಬಿಟ್ಟರೆ ಮರುಕ್ಷಣವೇ ಮತ್ತೆ ಎರಡು ಬಿಲ್ಲೆ. ನಿಟಿನಾಲ್ ಎಂಬ, ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹಕ್ಕೆ ತನ್ನ ಮೂಲ ಆಕಾರ ನೆನಪಿಟ್ಟುಕೊಳ್ಳುವ ಗುಣವಿದೆ. ಇದನ್ನು ಸ್ವತಃ ಎಳೆದು ಬಿಟ್ಟು ನೋಡಿದ ತಾಯಿಯ ಅರ್ಧ ಹೆದರಿಕೆ ಅಲ್ಲೇ ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಹುರಿಯಂತೆ ಎಳೆದ ಸಾಧನವನ್ನು ಕೊಳವೆಯೊಳಗೆ ತೂರಿಸಿ ರಂಧ್ರದ ಆಚೆಗೆ ಒಯ್ದು, ಮೊದಲು ಎಡಗಡೆಯ ಬಿಲ್ಲೆಯನ್ನು ಅರಳಿಸುತ್ತಾರೆ, ಹಿಂದಕ್ಕೆಳೆದು ಗೋಡೆಗೆ ತಾಗಿಸುತ್ತಾರೆ, ಆಮೇಲೆ ಬಲಗಡೆಯ ಬಿಲ್ಲೆ ಅರಳುತ್ತದೆ. ಗೋಡೆಯ ಎರಡೂ ಬದಿಯಿಂದ ಬಿಲ್ಲೆಗಳು ಹಿಡಿದುಕೊಳ್ಳುತ್ತವೆ. ಆ ಹೊತ್ತಿನಲ್ಲೂ ಸಾಧನ ಒಂದು ತಂತಿಯ ತುದಿಗೆ ತಿರುಪಿನಂತೆ ಸಿಕ್ಕಿಕೊಂಡೇ ಇರುತ್ತದೆ. ವೈದ್ಯರು ಆ ತಂತಿಯನ್ನು ಮೆಲ್ಲಗೆ ಮುಂದೆ ಹಿಂದೆ ಅಲ್ಲಾಡಿಸಿ ನೋಡುತ್ತಾರೆ; ಇಡೀ ಕೋಣೆ ಪರದೆಯನ್ನೇ ನೋಡುತ್ತ ಸುಮ್ಮನಾಗುವ ಗಳಿಗೆ ಅದು. ಕುಳಿತದ್ದು ಸರಿಯಿಲ್ಲ ಎನಿಸಿದರೆ ಮತ್ತೆ ಕೊಳವೆಯೊಳಗೆ ಎಳೆದುಕೊಂಡು ಹೊರತೆಗೆಯಬಹುದು. ಸರಿಯಿದೆ ಎಂದು ಎಕೋದಲ್ಲಿ ಖಾತ್ರಿಯಾದ ಮೇಲೆಯೇ ತಿರುಪನ್ನು ಬಿಚ್ಚಿ ಬಿಡುತ್ತಾರೆ. ಹೊಲಿಗೆಯ ಉದ್ದನೆಯ ಗುರುತಿಲ್ಲ, ಎದೆಮೂಳೆ ಸೀಳುವುದಿಲ್ಲ, ಹೃದಯವನ್ನು ನಿಲ್ಲಿಸುವುದಿಲ್ಲ. ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ಮಕ್ಕಳಿಗೆ ಪೂರ್ತಿ ನಿದ್ದೆಯ ಅರಿವಳಿಕೆ ಕೊಡುತ್ತಾರೆ.

ಇದು ಹೊಸದಾಗಿ ಬಂದ ಪ್ರಯೋಗವೇ?

ಅಲ್ಲ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯರು ತಮ್ಮದೇ ತೋಳಿನ ನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು, ನಡೆದು ಹೋಗಿ ಎಕ್ಸ್‌ರೇ ತೆಗೆಸಿಕೊಂಡರು. 1956ರಲ್ಲಿ ಅವರಿಗೆ ನೊಬೆಲ್ ಬಂತು. 1967ರಲ್ಲಿ ಬರ್ಲಿನ್ನಿನ ವರ್ನರ್ ಪೋರ್ಸ್ಟ್‌ಮನ್ ಕೊಳವೆಯ ಮೂಲಕ ಪಿಡಿಎ ಮುಚ್ಚಿದರು. ಎಎಸ್‌ಡಿಯನ್ನು ಮೊದಲ ಬಾರಿಗೆ ಹೀಗೆ ಮುಚ್ಚಿದವರು ಅಮೆರಿಕದ ಕಿಂಗ್ ಮತ್ತು ಮಿಲ್ಸ್, 1970ರ ದಶಕದ ನಡುವಿನಲ್ಲಿ. ಇಂದು ಬಳಸುವ ನಿಟಿನಾಲ್ ಹೆಣಿಗೆಯ ಸಾಧನವನ್ನು ರೂಪಿಸಿದ ಕುರ್ಟ್ ಆಂಪ್ಲಾಟ್ಜ್ ಅವರ ಹೆಸರೇ ಆ ಸಾಧನಕ್ಕೂ ಬಂದಿದೆ. ಅದಕ್ಕೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ದೊರೆಯಿತು.

ಎಲ್ಲ ತೂತುಗಳನ್ನೂ ಹೀಗೆ ಮುಚ್ಚಬಹುದೇ?

ಇಲ್ಲ, ಮತ್ತು ಈ ಮಾತು ಕೇಳಿ ನಿರಾಶರಾಗುವವರು ಬಹಳ. "ಅವರ ಮಗಳಿಗೆ ಛತ್ರಿ ಹಾಕಿದರು, ನಮ್ಮ ಮಗನಿಗೆ ಯಾಕೆ ಎದೆ ಕೊಯ್ಯಬೇಕು" ಎಂದು ಕೇಳುತ್ತಾರೆ. ಗುಂಡಿ ನಿಲ್ಲಬೇಕಾದರೆ ಅದರ ಸುತ್ತ ಬಟ್ಟೆ ಇರಬೇಕಲ್ಲವೇ? ಎಎಸ್‌ಡಿಯಲ್ಲಿ ನಾಲ್ಕು ಬಗೆಗಳಿವೆ. ಗೋಡೆಯ ನಟ್ಟನಡುವೆ ಇರುವ ಸೆಕಂಡಮ್ ಬಗೆಗೆ ಮಾತ್ರ ಸುತ್ತ ಅಂಚು ಇರುತ್ತದೆ. ಆ ಅಂಚು ಸುಮಾರು 5 ಮಿಲಿಮೀಟರ್ ಆದರೂ ಇದ್ದರೆ ಸಾಧನ ಹಿಡಿದು ನಿಲ್ಲುತ್ತದೆ (ಮಹಾಪಧಮನಿಯ ಕಡೆಯ ಅಂಚು ಕಡಿಮೆಯಿದ್ದರೂ ಅನೇಕ ವೇಳೆ ನಡೆಯುತ್ತದೆ). ಗೋಡೆಯ ತುದಿಯಲ್ಲಿ, ಕವಾಟಗಳಿಗೆ ಅಥವಾ ದೊಡ್ಡ ನಾಳಗಳ ಬಾಯಿಗೆ ಅಂಟಿಕೊಂಡಿರುವ ಉಳಿದ ಬಗೆಗಳಿಗೆ ಶಸ್ತ್ರಚಿಕಿತ್ಸೆಯೇ ದಾರಿ.

ಪಿಡಿಎಯಲ್ಲಿ ಸುದ್ದಿ ಒಳ್ಳೆಯದು: ಎಳೆಗೂಸಿನ ಹಂತ ದಾಟಿದ ಬಹುತೇಕ ಮಕ್ಕಳಿಗೆ ಕೊಳವೆಯ ಮೂಲಕವೇ ಮುಚ್ಚುತ್ತಾರೆ. ವಿಎಸ್‌ಡಿ ಹೆಚ್ಚು ಸೂಕ್ಷ್ಮ. ಸ್ನಾಯುವಿನ ಭಾಗದಲ್ಲಿರುವ ರಂಧ್ರಗಳು ಸಾಧನಕ್ಕೆ ಒಗ್ಗುತ್ತವೆ. ಪೊರೆಯ ಭಾಗದಲ್ಲಿ, ಮಹಾಪಧಮನಿಯ ಕವಾಟದ ಸನಿಹದಲ್ಲಿ ಇರುವವುಗಳಲ್ಲಿ ಆಯ್ದ ಕೆಲವನ್ನು ಮಾತ್ರ ಹೀಗೆ ಮುಚ್ಚುತ್ತಾರೆ, ಯಾಕೆಂದರೆ ಎದೆಬಡಿತದ ವಿದ್ಯುತ್ ಎಳೆ ಅಲ್ಲಿಯೇ ಹಾದು ಹೋಗುತ್ತದೆ. ಉಸಿರುಗಟ್ಟಿ, ತೂಕ ಏರದೆ ಇರುವ ಮೂರು ನಾಲ್ಕು ತಿಂಗಳ ಕೂಸಿಗೆ ದೊಡ್ಡ ವಿಎಸ್‌ಡಿ ಇದ್ದರೆ ಛತ್ರಿಗಾಗಿ ತೂಕ ಬರಲೆಂದು ಕಾಯುವುದು ತಪ್ಪು. ಕೂಸಿಗೆ ಆರು ತಿಂಗಳು ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಛತ್ರಿ ಸಣ್ಣ ಚಿಕಿತ್ಸೆ, ಆಪರೇಷನ್ ದೊಡ್ಡ ಚಿಕಿತ್ಸೆ ಎಂದು ಅಳೆಯಬೇಡಿ. ಆ ರಂಧ್ರಕ್ಕೆ ಯಾವುದು ಸರಿಯೋ ಅದೇ ಒಳ್ಳೆಯದು.

ತಾನಾಗಿ ಮುಚ್ಚಿಕೊಳ್ಳುವುದಿಲ್ಲವೇ?

ಕೆಲವು ಮುಚ್ಚಿಕೊಳ್ಳುತ್ತವೆ. ಸಣ್ಣ ಸ್ನಾಯುಭಾಗದ ವಿಎಸ್‌ಡಿಗಳು, ಕೂಸಾಗಿದ್ದಾಗ ಕಂಡ 3ರಿಂದ 5 ಮಿಲಿಮೀಟರಿನ ಎಎಸ್‌ಡಿಗಳು ಮೊದಲ ಎರಡು ಮೂರು ವರ್ಷಗಳಲ್ಲಿ ಮುಚ್ಚುವುದು ಸಾಮಾನ್ಯ. ಹತ್ತು ಮಿಲಿಮೀಟರ್ ದಾಟಿದ ಎಎಸ್‌ಡಿ ಮುಚ್ಚುವುದು ತೀರ ಅಪರೂಪ. ಔಷಧಿ, ಗುಳಿಗೆ, ಕಷಾಯ ಯಾವುದೂ ರಂಧ್ರವನ್ನು ಮುಚ್ಚಲಾರದು. ಕೆಲವು ಕೂಸುಗಳಿಗೆ ಕೊಡುವ ಔಷಧಿ ಹೃದಯದ ಹೊರೆ ಇಳಿಸುವುದಕ್ಕಾಗಿ ಮಾತ್ರ. ಅವಧಿ ತುಂಬದೆ ಹುಟ್ಟಿದ ಮಕ್ಕಳ ಪಿಡಿಎ ಮಾತ್ರ ಇದಕ್ಕೆ ಹೊರತು, ಅದಕ್ಕೆ ಮೊದಲ ದಿನಗಳಲ್ಲಿ ಔಷಧಿಯಿದೆ.

ಯಾವ ವಯಸ್ಸಿನಲ್ಲಿ ಮಾಡಿಸಬೇಕು?

ತೊಂದರೆಯಿಲ್ಲದ ಎಎಸ್‌ಡಿಗೆ 2ರಿಂದ 4 ವರ್ಷದ ನಡುವೆ ಒಳ್ಳೆಯದು. ತೂಕ ಸುಮಾರು 15 ಕಿಲೋ ಇದ್ದರೆ ಕೊಳವೆ ಹಾಯಿಸುವುದು ಸುಲಭ. ಪಿಡಿಎಯನ್ನು ಅದರ ಗಾತ್ರ ನೋಡಿ ಇನ್ನೂ ಬೇಗ ಮುಚ್ಚುತ್ತಾರೆ. ವಯಸ್ಸು ಮೀರಿತೆಂದು ಕೈಬಿಡಬೇಕಿಲ್ಲ. ಶ್ವಾಸಕೋಶದ ಒತ್ತಡ ಮಿತಿಯಲ್ಲಿದ್ದರೆ ಐವತ್ತು ಅರವತ್ತು ವರ್ಷದವರಿಗೂ ಎಎಸ್‌ಡಿ ಮುಚ್ಚಿ ಉಸಿರಾಟ ಹಗುರವಾಗಿದೆ.

ಲೋಹದ ವಸ್ತು ಜೀವನವಿಡೀ ಒಳಗೇ ಇರುತ್ತದೆಯೇ? ಮಗು ಬೆಳೆದಂತೆ ಬದಲಿಸಬೇಕೇ?

ಒಳಗೇ ಇರುತ್ತದೆ, ಬದಲಿಸಬೇಕಿಲ್ಲ. ಮೂರರಿಂದ ಆರು ತಿಂಗಳಲ್ಲಿ ಹೃದಯದ ಒಳಪೊರೆಯೇ ಅದರ ಮೇಲೆ ಹಬ್ಬಿ ಮುಚ್ಚಿಬಿಡುತ್ತದೆ. ಆಮೇಲೆ ಅದು ಗೋಡೆಯ ಒಂದು ಭಾಗ. ಮಗು ಬೆಳೆದಂತೆ ಗೋಡೆ ಸುತ್ತ ಬೆಳೆಯುತ್ತದೆ. ಇದು ಪೇಸ್‌ಮೇಕರ್ ಅಲ್ಲ, ಬ್ಯಾಟರಿ ಇಲ್ಲ, ಮೊಬೈಲಿನಿಂದ ತೊಂದರೆಯಿಲ್ಲ, ವಿಮಾನ ನಿಲ್ದಾಣದ ಲೋಹಶೋಧಕದಿಂದಲೂ ತೊಂದರೆಯಿಲ್ಲ. ಎಂಆರ್‌ಐ ಸ್ಕ್ಯಾನ್ ಬೇಕಾದರೆ ಮಾಡಿಸಬಹುದು. ಆಸ್ಪತ್ರೆಯಲ್ಲಿ ಕೊಡುವ ಸಾಧನದ ಚೀಟಿಯನ್ನು ಅಲ್ಲಿ ಮೊದಲು ತೋರಿಸಿ. ಬಂಗಾರವಲ್ಲದ ಒಡವೆ ಹಾಕಿದರೆ ಕಿವಿ ಸೋರುವ, ಕುತ್ತಿಗೆ ತುರಿಸಿ ಕೆಂಪಾಗುವ ಸ್ವಭಾವ ಮಗುವಿಗಿದ್ದರೆ ಅದನ್ನು ಮೊದಲೇ ಹೇಳಿ, ಏಕೆಂದರೆ ಅದು ನಿಕ್ಕಲ್ ಒಗ್ಗದಿರುವುದರ ಲಕ್ಷಣವಾಗಿರಬಹುದು.

ಅಪಾಯವೇ ಇಲ್ಲವೇ?

ಇದೆ, ಕಡಿಮೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ನೀವು ಕೇಳಿ ತಿಳಿಯಬೇಕಾದ ಪ್ರಶ್ನೆ ಇದು. ಸಾಧನ ಜಾರಿ ರಕ್ತದೊಂದಿಗೆ ಬೇರೆಡೆ ಹೋಗಬಹುದು. ಹಾಗಾದರೆ ಕೊಳವೆಯಿಂದಲೇ ಹಿಡಿದು ತೆಗೆಯಲು ಯತ್ನಿಸುತ್ತಾರೆ, ಆಗದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಎದೆಬಡಿತದ ಲಯ ಸ್ವಲ್ಪ ಕಾಲ ತಪ್ಪಬಹುದು. ವಿಎಸ್‌ಡಿ ಮುಚ್ಚಿದಾಗ ವಿದ್ಯುತ್ ಎಳೆಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಸಂದರ್ಭ ಅಪರೂಪಕ್ಕೆ ಬರುತ್ತದೆ. ಸಾಧನದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದೇ ಆಸ್ಪಿರಿನ್ ಕೊಡುತ್ತಾರೆ. ಎಎಸ್‌ಡಿ ಸಾಧನದ ಅಂಚು ತಿಂಗಳುಗಳ ಮೇಲೆ ಹೃದಯದ ಗೋಡೆಯನ್ನು ಸವೆಸುವುದು ಸಾವಿರಕ್ಕೆ ಒಬ್ಬಿಬ್ಬರಲ್ಲಿ ಕಾಣುವಷ್ಟು ಅಪರೂಪ, ಆದರೆ ಗಂಭೀರ. ಆದ್ದರಿಂದಲೇ ಮರುತಪಾಸಣೆ ತಪ್ಪಿಸಬಾರದು, ಮತ್ತು ಈ ಕೆಲಸವನ್ನು ಹೃದಯ ಶಸ್ತ್ರಚಿಕಿತ್ಸಕರ ನೆರವು ಸಿಗುವ ಕಡೆಯೇ ಮಾಡಿಸಬೇಕು.

ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ಅಂಗನವಾಡಿ ಮತ್ತು ಶಾಲೆಯಿಂದಲೇ ಶುರು ಮಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಹುಟ್ಟಿನಿಂದ 18 ವರ್ಷದವರೆಗೆ ಇದರ ವ್ಯಾಪ್ತಿ, ಜನ್ಮಜಾತ ಹೃದಯದೋಷ ಅದರ ಪಟ್ಟಿಯಲ್ಲಿದೆ. ಆ ತಂಡ ಬಂದ ದಿನ ತೊಗರಿ ಬಿಡಿಸಲು ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ. ಎದೆಯಲ್ಲಿ ಸದ್ದಿದೆ ಎಂದು ಅವರು ಬರೆದುಕೊಟ್ಟ ಚೀಟಿ ಹಿಡಿದು ಜಿಲ್ಲಾಸ್ಪತ್ರೆಗೆ ಬಂದರೆ ಮುಂದಿನ ದಾರಿ ಅಲ್ಲಿಂದಲೇ ತೆರೆಯುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳೆಂದರೆ ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಸಂಕೀರ್ಣ ದೋಷವಿರುವ ಎಳೆಗೂಸುಗಳನ್ನು ಮಕ್ಕಳ ಹೃದ್ರೋಗ ತಜ್ಞರ ದೊಡ್ಡ ತಂಡವಿರುವ ಬೆಂಗಳೂರಿಗೆ ಕಳಿಸಬೇಕಾಗಿ ಬರಬಹುದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು. (ಬಡವರ ದೊಡ್ಡ ಕಾಯಿಲೆಗಳಿಗೆ ರಾಜ್ಯ ತಂದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗ ವಿಭಾಗದಲ್ಲೇ.) ಮುಖ್ಯವಾದ ಮಾತು ಇದು: ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಆಮೇಲೆ ಯೋಜನೆಯ ಮಂಜೂರಾತಿ, ಆಮೇಲೆ ಚಿಕಿತ್ಸೆ. ಹೊಲ ಅಡವಿಟ್ಟು ದುಡ್ಡು ಕಟ್ಟಿ ಬಂದ ಮೇಲೆ ಕಾರ್ಡ್ ತೋರಿಸಿದರೆ ಆ ದುಡ್ಡು ಮರಳುವುದಿಲ್ಲ. ಬೀದರ್‌ನವರಿಗೆ ಹೈದರಾಬಾದ್, ಆಳಂದ ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ. ಗಡಿ ದಾಟುವ ಮೊದಲು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ, ಈ ಚಿಕಿತ್ಸೆಗೇ ನಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗೆಂದು ಇರುವ ಆರೋಗ್ಯಮಿತ್ರರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಮನೆಯಿಂದ ಹೊರಡುವ ಮೊದಲು ಏನು ಮಾಡಬೇಕು?

ಮಗುವಿಗೆ ಜ್ವರ, ನೆಗಡಿ, ಕೆಮ್ಮು ಇದ್ದರೆ ಫೋನ್ ಮಾಡಿ ದಿನ ಮುಂದೂಡಿ. ಹುಳುಕು ಹಲ್ಲು ಇದ್ದರೆ ಮೊದಲೇ ತೋರಿಸಿ. ಬಾಯಿಯ ಸೋಂಕು ರಕ್ತದ ಮೂಲಕ ಸಾಧನಕ್ಕೆ ಅಂಟಬಲ್ಲದು. ರಕ್ತ ಕಡಿಮೆಯಿರುವ ಮಕ್ಕಳು ನಮ್ಮಲ್ಲಿ ಬಹಳ; ಹಿಮೋಗ್ಲೋಬಿನ್ ಮೊದಲೇ ನೋಡಿಸಿ ಸರಿಪಡಿಸಿಕೊಂಡರೆ ಬಂದ ದಾರಿಗೆ ಸುಂಕವಿಲ್ಲದೆ ಮರಳುವುದು ತಪ್ಪುತ್ತದೆ. ಚಿಕಿತ್ಸೆಯ ದಿನ ಊಟ ಆರು ಗಂಟೆ ಮೊದಲು, ಎದೆಹಾಲು ನಾಲ್ಕು ಗಂಟೆ ಮೊದಲು, ಬರಿ ನೀರು ಎರಡು ಗಂಟೆ ಮೊದಲು ನಿಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಬೇಸಿಗೆಯಲ್ಲಿ ರಾತ್ರಿಯಿಡೀ ನೀರಿಲ್ಲದೆ ಇಟ್ಟು ಮಗುವನ್ನು ಒಣಗಿಸಿಕೊಂಡು ಬರುವವರಿದ್ದಾರೆ. ಅಷ್ಟು ಬೇಕಿಲ್ಲ, ಹೇಳಿದಷ್ಟೇ ಮಾಡಿ. ಅಜ್ಜಿ ಪ್ರೀತಿಯಿಂದ ಕೈಗಿಟ್ಟ ಒಂದು ಬಿಸ್ಕೀಟಿನಿಂದ ಇಡೀ ದಿನದ ಚಿಕಿತ್ಸೆ ಮುಂದೆ ಹೋದದ್ದೂ ಉಂಟು.

ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು?

ಚಿಕಿತ್ಸೆಯ ನಂತರ ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗಿರಬೇಕು. ಒಂದೆರಡು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ತೊಡೆಸಂದಿಯಲ್ಲಿ ನೀಲಿ ಕಲೆ ವಾರದಲ್ಲಿ ಹೋಗುತ್ತದೆ. ಅಲ್ಲಿಗೆ ಅರಿಶಿನ, ಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ವಾರ ಹತ್ತು ದಿನದಲ್ಲಿ ಶಾಲೆಗೆ ಹೋಗಬಹುದು, ಆದರೆ ಒಂದೂವರೆ ತಿಂಗಳು ಕಬಡ್ಡಿ, ಮರ ಹತ್ತುವುದು, ಸೈಕಲ್ ಮೇಲೆ ಬೀಳುವ ಆಟ, ಕೊಡ ಹೊರುವುದು ಬೇಡ. ಆಸ್ಪಿರಿನ್ ಸಾಮಾನ್ಯವಾಗಿ ಆರು ತಿಂಗಳು. ಊಟದ ನಂತರ ಕೊಡಿ, ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ತೆಗೆದುಕೊಳ್ಳುವಾಗ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಎದ್ದರೆ ಅಥವಾ ಜೋರು ಜ್ವರ ಬಂದರೆ ವೈದ್ಯರನ್ನು ಕೇಳಿ. ಮೊದಲ ಆರು ತಿಂಗಳು ಹಲ್ಲು ಕೀಳಿಸುವ ಮೊದಲು ಸಾಧನದ ವಿಷಯ ಹೇಳಿದರೆ ಮುಂಜಾಗ್ರತೆಗೆ ಆಂಟಿಬಯಾಟಿಕ್ ಕೊಡುತ್ತಾರೆ.

ಎದೆನೋವು, ತಲೆ ಸುತ್ತಿ ಬೀಳುವುದು, ಇದ್ದಕ್ಕಿದ್ದಂತೆ ಉಸಿರುಗಟ್ಟುವುದು, ಕೈಕಾಲು ಸ್ವಾಧೀನ ತಪ್ಪುವುದು, ಮೂರು ದಿನ ಬಿಡದ ಜ್ವರ, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ.

ಹುಡುಗಿಗೆ ತೂತು ಇದೆ ಎಂದರೆ ಮದುವೆ ಆಗುವುದು ಹೇಗೆ? ಹೇಳದೆ ಇರಬಹುದೇ?

ಎಎಸ್‌ಡಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಸುಮಾರು ಇಮ್ಮಡಿ. ಆದರೆ ಮುಚ್ಚಿಸುವುದು ತಡವಾಗುವುದೂ ಹೆಣ್ಣುಮಕ್ಕಳದೇ. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಐದು ತಿಂಗಳ ಬಸುರಿಯಾಗಿ ಉಸಿರು ಸಾಲದೆ ಬಂದಿದ್ದಳು. ಅವಳ ಟ್ರಂಕಿನ ತಳದಿಂದ ತವರಿನವರು ತಂದ ಹಳೆಯ ಚೀಟಿಯ ಪ್ರಕಾರ, ಎರಡನೆಯ ತರಗತಿಯಲ್ಲಿದ್ದಾಗಲೇ ಅವಳ ತೂತು ಗೊತ್ತಾಗಿತ್ತು. ಮಡಿಕೆಗಳಲ್ಲಿ ಹರಿದುಹೋಗಿದ್ದ ಆ ಚೀಟಿಯನ್ನು ಅವಳಪ್ಪ ಜೋಡಿಸಿ ಹಿಡಿದು, "ಮಂದಿಗೆ ಗೊತ್ತಾದ್ರ ಯಾರ್ ಒಯ್ತಾರಂತ ಸುಮ್ಮನಿದ್ದೆವ್ರಿ" ಎಂದು ತಲೆತಗ್ಗಿಸಿ ನಿಂತದ್ದು ನನಗೆ ಮರೆತಿಲ್ಲ. ಅವಳಿಗೆ ಶ್ವಾಸಕೋಶದ ಒತ್ತಡ ಇನ್ನೂ ಮಿತಿಯಲ್ಲಿತ್ತು. ಹೆರಿಗೆಯಾಗಿ, ಆಮೇಲೆ ಛತ್ರಿ ಹಾಕಿ ಕಳಿಸಿದೆವು. ಒತ್ತಡ ಮಿತಿಮೀರಿದ ಮೇಲೆ ಬಸುರಾದವರ ಕಥೆ ಹೀಗೆ ಮುಗಿಯುವುದಿಲ್ಲ. ಅದು ತಾಯಿಯ ಜೀವಕ್ಕೇ ಬರುತ್ತದೆ.

ಸಕಾಲದಲ್ಲಿ ಮುಚ್ಚಿಸಿಕೊಂಡ ಹುಡುಗಿ ಎಲ್ಲರಂತೆ ಓದಬಹುದು, ದುಡಿಯಬಹುದು, ಆರು ತಿಂಗಳ ನಂತರ ಬಸುರಾಗಬಹುದು. ಅವಳ ಎದೆಯ ಮೇಲೆ ಗುರುತೂ ಇರುವುದಿಲ್ಲ. ಹೇಳುವುದು ಬಿಡುವುದು ಕುಟುಂಬದ ನಿರ್ಧಾರ ಎಂದು ಅನೇಕರು ಅನ್ನುತ್ತಾರೆ. ಹೇಳುವುದೇ ಸರಿ ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಹೆರಿಗೆಯ ಹೊತ್ತಿಗೆ ಅವಳ ಪಕ್ಕದಲ್ಲಿ ನಿಲ್ಲುವವರು ಗಂಡನ ಮನೆಯವರು, ವೈದ್ಯರು ಕೇಳಿದಾಗ ಉತ್ತರ ಅವರ ಬಳಿ ಇರಬೇಕು.

ಪಾರ್ಶ್ವವಾಯು ಆದ ನಮ್ಮಣ್ಣನಿಗೆ ಪಿಎಫ್‌ಒ ಇದೆ ಎಂದರು. ಅದನ್ನೂ ಮುಚ್ಚಬೇಕೇ?

ಹೃದಯದ ಮೇಲಿನ ಎರಡು ಖೋಲಿಗಳ ನಡುವಿನ ಗೋಡೆಯಲ್ಲಿ, ಗರ್ಭದಲ್ಲಿ ಎಲ್ಲರಿಗೂ ಇದ್ದು ಹುಟ್ಟಿದ ಮೇಲೆ ಅಂಟಿಕೊಳ್ಳಬೇಕಾದ ಸಣ್ಣ ಕಿಂಡಿ ಅದು. ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಅಂಟಿರುವುದಿಲ್ಲ. ಇದ್ದ ಮಾತ್ರಕ್ಕೆ ಮುಚ್ಚಬೇಕಿಲ್ಲ. ಹದಿನೆಂಟರಿಂದ ಅರವತ್ತರೊಳಗಿನವರಿಗೆ ಬೇರೆ ಯಾವ ಕಾರಣವೂ ಸಿಗದೆ ಪಾರ್ಶ್ವವಾಯು ಆಗಿದ್ದರೆ ಮಾತ್ರ ನರರೋಗ ಮತ್ತು ಹೃದ್ರೋಗ ತಜ್ಞರು ಕೂಡಿ ಯೋಚಿಸುತ್ತಾರೆ.

ನಾವು ಗುಳೆ ಹೋಗುವವರು. ಮರುತಪಾಸಣೆಗೆ ಬರುವುದು ಹೇಗೆ?

ಮರುದಿನ, ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ, ಆಮೇಲೆ ವೈದ್ಯರು ಹೇಳಿದಂತೆ ಕೆಲವು ವರ್ಷಗಳಿಗೊಮ್ಮೆ ಎಕೋ ಆಗಬೇಕು. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಹೈದರಾಬಾದ್‌ಗೆ ಹೋಗುವುದಿದ್ದರೆ ಅದನ್ನು ಬಿಡುಗಡೆಯ ದಿನವೇ ಹೇಳಿ. ನೀವು ಇರುವ ಊರಿನಲ್ಲೇ ಎಕೋ ಮಾಡಿಸುವಂತೆ ಪತ್ರ ಬರೆದುಕೊಡುತ್ತಾರೆ. ಬಿಡುಗಡೆ ಪತ್ರ, ಎಕೋ ವರದಿ, ಸಾಧನದ ಹೆಸರು ಮತ್ತು ಅಳತೆ ಇರುವ ಚೀಟಿ ಈ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅವುಗಳ ಫೋಟೊವನ್ನು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳಿ. ಮೂಲ ಕಾಗದಗಳು ಊರಿನ ಮನೆಯ ಮಾಡದಲ್ಲಿ ಉಳಿಯುವುದು ಬೇಡ, ಮಗು ಎಲ್ಲಿರುತ್ತದೋ ಅಲ್ಲಿರಲಿ.